ಬೋರಲು ಮಲಗುವ ಡಾಕ್ಟರು

ನಾನು ಕಂಪೌಂಡರ್ ಆಗಿ ಇಳಕಲ್ಲಿಗೆ ಬಂದ ಮೊದಲ ದಿನ ನಮ್ಮ ಡಾಕ್ಟರು ನೆಲದ ಮೇಲೆ ಬೋರಲು ಮಲಗಿದ್ದರು. ದವಾಖಾನೆಯ ಕಟ್ಟೆಯ ಮೇಲೊಂದು ಜಮಖಾನೆ, ಅದರ ಮೇಲೆ ಕಚ್ಚೆ ಧೋತರದ ಉದ್ದನೆಯ ಮನುಷ್ಯ, ಅವರ ತೊಡೆಗಳ ಮೇಲೆ ಕಾಲು ಚೆಲ್ಲಿ ಕುಳಿತು ಎರಡೂ ಕೈಗಳಿಂದ ಬೆನ್ನು ಅದುಮುತ್ತಿದ್ದ ಕುಂಬಾರರ ಸಂಗಪ್ಪ. ಸುತ್ತಲೂ ಸಂತೆಗೆ ಬಂದ ಜನ. ಹೊಡೆದಾಟ ನಡೆದಿದೆಯೆಂದು ತಿಳಿದು ನಾನು ಕೈಚೀಲ ಎಸೆದು ಸಂಗಪ್ಪನ ರಟ್ಟೆ ಹಿಡಿದು ಎಳೆದೆ. ಕೆಳಗಿನಿಂದ ದನಿ ಬಂತು.

"ಬಿಡಪಾ ಅವನ್ನ, ಪಾಠ ನಡದದ. ನೀ ಹೊಸಾ ಕಂಪೌಂಡರ್ ಏನು? ಛಲೋ ಆತು. ಬಾ, ನೀನೂ ಒಂದ ಸಲ ಒತ್ತು."

ಹೀಗೆ ನನ್ನ ನೌಕರಿ ಹಿರಿಯರ ಬೆನ್ನು ಒತ್ತುವುದರಿಂದ ಶುರುವಾಯಿತು.

ಅವರ ಹೆಸರು ವಾಮನರಾಯರು. ಬಾದಾಮಿಯ ಕಡೆಯವರು, ಪುಣೆಯಲ್ಲಿ ಡಾಕ್ಟರಕಿ ಕಲಿತವರು. ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಊರಿನ ಸಾಹುಕಾರರೊಬ್ಬರು ತಾಯಿಯ ನೆನಪಿಗೆ ಕಟ್ಟಿಸಿದ್ದ ಸಣ್ಣ ಧರ್ಮದ ದವಾಖಾನೆ ಅದು. ಹಿಂದಿನ ಎರಡು ಕೋಣೆಗಳಲ್ಲಿ ರಾಯರ ಬಿಡಾರ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ, ಬಾದಾಮಿಯಲ್ಲಿ ತಂಗಿಯೊಬ್ಬಳಿದ್ದಳು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವ ರೂಢಿ ಅವರಿಗಿರಲಿಲ್ಲ. ಗಂಟಲ ಕೆಳಗಿನ ತಗ್ಗನ್ನು ನೋಡುತ್ತಿದ್ದರು. ಅಲ್ಲಿ ಉಸಿರು ಹೇಗೆ ಏರಿಳಿಯುತ್ತದೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಹೊಸಬರು ತಮ್ಮ ಅಂಗಿಯ ಗುಂಡಿ ಹೋಗಿದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಚಹಾ ತಿರುವುವಾಗಲೂ "ಒಂದು, ಎರಡು, ಒತ್ತು, ಮೂರು, ನಾಲ್ಕು, ಬಿಡು" ಎಂಬ ಗುಣುಗುಣು ನಡೆದೇ ಇರುತ್ತಿತ್ತು. ಮೊದಮೊದಲು ನನಗೆ ಇದು ಹುಚ್ಚೋ ವಿದ್ಯೆಯೋ ತಿಳಿಯಲಿಲ್ಲ.

ಇಳಕಲ್ಲೆಂದರೆ ಮಗ್ಗದ ಊರು. ಬಣ್ಣ ಕೊಟ್ಟ ನೂಲನ್ನು ತೊಳೆಯಲು ಹೆಂಗಸರು ಮಕ್ಕಳು ಬಾವಿಗೆ ಇಳಿಯುತ್ತಿದ್ದರು. ಪಾವಟಿಗೆಗಳ ಮೇಲೆ ಪಾಚಿ. ವರ್ಷಕ್ಕೆ ಒಬ್ಬರಾದರೂ ಜಾರಿ ಬೀಳುತ್ತಿದ್ದರು. ಮೇಲೆತ್ತಿದವರನ್ನು ಜನ ಹೊತ್ತುಕೊಂಡು ಓಡುತ್ತಿದ್ದುದು ದವಾಖಾನೆಗಲ್ಲ, ಕುಂಬಾರರ ಮನೆಗೆ. ಗಡಿಗೆ ಮಾಡುವ ತಿಗರಿಯ ಮೇಲೆ ಹೊಟ್ಟೆ ಕೆಳಗೆ ಮಾಡಿ ಹಾಕಿ ಗರಗರ ತಿರುಗಿಸಿದರೆ ಕುಡಿದ ನೀರೆಲ್ಲ ಹೊರಗೆ ಬಂದು ಜೀವ ಉಳಿಯುತ್ತದೆಂಬುದು ಹಿಂದಿನಿಂದ ಬಂದ ನಂಬಿಕೆ. ನೀರೇನೋ ಬರುತ್ತಿತ್ತು. ಈ ತಿಗರಿಯನ್ನು ಬಿಡಿಸಬೇಕೆಂದೇ ರಾಯರು ಸಂತೆಯ ದಿನಗಳಲ್ಲಿ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ಮುಳುಗಿದವನನ್ನು ಹೇಗೆ ಮಲಗಿಸಬೇಕು, ಬೆನ್ನಿನ ಯಾವ ಭಾಗ ಒತ್ತಿದರೆ ಕೆಟ್ಟ ಗಾಳಿ ಹೊರಗೆ ಹೋಗಿ ಒಳ್ಳೆಯ ಗಾಳಿ ಒಳಗೆ ಬರುತ್ತದೆ ಎಂಬುದನ್ನು ತಮ್ಮ ಮೈಮೇಲೆಯೇ ಕಲಿಸುತ್ತಿದ್ದರು. ತಿಗರಿಯ ಮಾಲೀಕನನ್ನೇ ಮೊದಲ ಶಿಷ್ಯನನ್ನಾಗಿ ಮಾಡಿಕೊಂಡಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಮುಂಬಯಿಯ ಗೆಳೆಯರೊಬ್ಬರು ಅವರಿಗೆ ವೈದ್ಯಕೀಯ ಮಾಸಿಕಗಳನ್ನು ಟಪಾಲಿನಲ್ಲಿ ಕಳಿಸುತ್ತಿದ್ದರು. ಒಂದು ದಿನ ಅಂಥದೊಂದನ್ನು ಓದಿ ಮುಗಿಸಿದವರೇ ಕಟ್ಟೆಗೆ ಬಂದು ನಿಂತು ಕೈ ಮುಗಿದರು.

"ನಾ ಇಲ್ಲೀತನಾ ಹೇಳಿದ್ದು ಮರತಬಿಡ್ರಿ. ಅದರಕಿಂತಾ ಛಲೋದು ಬಂದದ."

ಹೊಸ ರೀತಿಯಲ್ಲಿ ಒತ್ತುವವನು ಮುಳುಗಿದವನ ತಲೆಯ ಕಡೆ ಕೂರಬೇಕು. ಸೊಂಟ ಬಿಟ್ಟು ಹೆಗಲೆಲುಬು ಒತ್ತಬೇಕು, ಆಮೇಲೆ ಎರಡೂ ಮೊಣಕೈ ಹಿಡಿದು ತನ್ನ ಕಡೆ ಎಳೆದು ಎತ್ತಬೇಕು. ರಾಯರು ಮತ್ತೆ ಮಲಗಿದರು. ಜನಕ್ಕೆ ಮಾತ್ರ ತಲೆ ಕೆಟ್ಟು ಹೋಯಿತು. ಡಾಕ್ಟರು ಎಂದ ಮೇಲೆ ಅವರು ಹೇಳಿದ್ದು ಹೇಳಿದ್ದೇ ಆಗಿರಬೇಕು. ತಾವು ಹೇಳಿದ್ದು ತಪ್ಪು ಎಂದು ಕೈ ಮುಗಿಯುವ ಡಾಕ್ಟರನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ಅದೇ ತಿಂಗಳು ಹುನಗುಂದದ ರಸ್ತೆಯ ಮರದ ಕೆಳಗೆ ಚಕ್ಕಡಿಯವನೊಬ್ಬ ಹೆಂಡ ಕುಡಿದು ಮಲಗಿದ್ದ. ಅಲುಗಾಡದ್ದನ್ನು ಕಂಡು ಸಂಗಪ್ಪ ಅವನ ಮೇಲೆ ಹತ್ತಿ ಹಳೆಯ ರೀತಿಯಲ್ಲಿ ಸೊಂಟ ಒತ್ತತೊಡಗಿದ. ಅಷ್ಟರಲ್ಲಿ ಬಂದ ಹಜಾಮರ ಮಲ್ಲೇಶಿ, "ಅದು ರದ್ದಾಗೇತಲೇ!" ಎಂದು ಕೂಗಿ ತಲೆಯ ಕಡೆ ಕುಳಿತು ಮೊಣಕೈ ಎಳೆಯತೊಡಗಿದ. ಒಬ್ಬ ಒತ್ತುವಾಗ ಇನ್ನೊಬ್ಬ ಎತ್ತಿ, ಇವನು ಬಿಟ್ಟಾಗ ಅವನು ಒತ್ತಿ, ಆ ಚಕ್ಕಡಿಯವನು ಎಚ್ಚರಾಗಿ ಇಬ್ಬರಿಗೂ ಬಾರಿಸಿದ. ಮಲ್ಲೇಶಿಯ ತುಟಿಗೆ ನಾನೇ ಟಿಂಚರು ಹಚ್ಚಿದೆ. ರಾಯರು ನಗಲಿಲ್ಲ. "ಎದ್ದು ಬಡದಾ ಅಂದ್ರ ಉಸುರು ಛಲೋ ಇತ್ತು ಅಂತಾತು" ಎಂದಷ್ಟೇ ಹೇಳಿ ಒಳಗೆ ಹೋದರು.

ಊರಿನಲ್ಲಿ ಇಮಾಂಬಿ ಎಂಬ ಸೂಲಗಿತ್ತಿ ಇದ್ದಳು. ಅರವತ್ತು ದಾಟಿದವಳು, ಗಟ್ಟಿ ಜೀವ. ಯಾವ ಜಾತಿಯ ಮನೆಯ ಹೆರಿಗೆಯೇ ಇರಲಿ, ಅವಳೇ ಬರಬೇಕು. ಒಮ್ಮೆ ಕಠಿಣವಾದ ಹೆರಿಗೆಗೆ ರಾಯರನ್ನೂ ಕರೆದಿದ್ದರು, ಚೀಲ ಹಿಡಿದು ನಾನೂ ಹೋಗಿದ್ದೆ. ಕೂಸು ನೀಲಿಯಾಗಿ ಹುಟ್ಟಿತು, ಅಳಲಿಲ್ಲ. ರಾಯರು ಚೀಲದಲ್ಲಿ ಏನೋ ಹುಡುಕುತ್ತಿರುವಾಗ ಇಮಾಂಬಿ ಕಿರುಬೆರಳಿಗೆ ಬಟ್ಟೆ ಸುತ್ತಿ ಕೂಸಿನ ಬಾಯಿ ಒರೆಸಿ, ಗದ್ದ ಮೇಲೆತ್ತಿ, ಅದರ ಬಾಯಿ ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ ಮೆಲ್ಲಗೆ ಊದಿದಳು. ನಾಲ್ಕೈದು ಸಲ ಊದಿರಬೇಕು. ಕೂಸು ಕಿರ್ರೆಂದಿತು.

ರಾಯರ ಮುಖ ಕೆಂಪಾಯಿತು. "ಏನ್ ಮಾಡ್ತೀಯಬೇ ಇಮಾಂಬಿ? ನಿನ್ನ ಬಾಯಾಗಿನ ರೋಗದ ಜಂತು ಎಲ್ಲಾ ಹಸಗೂಸಿನ ಹೊಟ್ಟಿಗೆ ಹೋಗ್ತಾವ. ಇನ್ನೊಮ್ಮೆ ಹಿಂಗ ಮಾಡಿದಿ ಅಂದ್ರ ನಾ ನಿನ್ನ ಯಾವ ಬಾಳಂತಿ ಮನಿಗೂ ಸೇರಿಸಗೊಡಂಗಿಲ್ಲ."

"ಗಾಳಿ ಬೇಕಾಗಿತ್ರಿ ಅದಕ್ಕ. ನನ್ನ ಕಡಿ ಇತ್ತು, ಕೊಟ್ಟೆ" ಎಂದಳು ಇಮಾಂಬಿ. ಆದರೆ ಮುಂದೆ ಅವರ ಎದುರಿಗೆ ಎಂದೂ ಊದಲಿಲ್ಲ.

ಏಕೀಕರಣದ ಹಿಂದಿನ ಬೇಸಗೆಯಲ್ಲಿ ಕಸ್ತೂರಿ ಬಾವಿಗೆ ಬಿದ್ದಳು. ನೇಕಾರರ ಓಣಿಯ ನಾಗವ್ವನ ಮಗಳು, ಒಂಬತ್ತು ವರ್ಷ. ಬೆಳಗಿನ ಹೊತ್ತು ಅವ್ವನ ಜೊತೆ ನೂಲು ತೊಳೆಯಲು ಹೋದವಳು ಜಾರಿದ್ದಳು. ಸುದ್ದಿ ಬಂದಾಗ ರಾಯರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿದರು, ಹಿಂದೆ ನಾನು. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹುಡುಗಿ ಸಂಗಪ್ಪನ ಅಂಗಳದಲ್ಲಿ ತಿಗರಿಯ ಮೇಲಿದ್ದಳು. ತಿರುಗಿಸುತ್ತಿದ್ದವನು ಅವನೇ, ನಮ್ಮ ಮೊದಲ ಶಿಷ್ಯ.

"ಇದನ್ನೇನೋ ಕಲಿಸಿದ್ದು ನಿನಗ!" ಎಂದು ರಾಯರು ಕಿರುಚಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಸಂಗಪ್ಪ ತಿಗರಿಯನ್ನು ಹಿಡಿದು ನಿಲ್ಲಿಸಿದ. "ಮೊದಲಿಂದು ಮರತಬಿಡ್ರಿ ಅಂದ್ರಿ. ಎರಡನೇದು ನನಗ ನೆನಪ ಬರಲಿಲ್ರೀ. ತಿಗರಿ ಒಂದ ಗೊತ್ತಿತ್ತು."

ಆ ಮಾತು ಅವರಿಗೆ ಎಲ್ಲಿ ನಾಟಿತೋ, ಮತ್ತೆ ಬಯ್ಯಲಿಲ್ಲ. ಹುಡುಗಿಯನ್ನು ಇಳಿಸಿ ಬೋರಲು ಮಲಗಿಸಿ, ತಲೆಯ ಕಡೆ ಕುಳಿತು ಒತ್ತತೊಡಗಿದರು. ಹೆಗಲೆಲುಬು ಒತ್ತುವುದು, ಮೊಣಕೈ ಎತ್ತುವುದು. ನಾಗವ್ವ ಮಗಳ ಪಾದ ಹಿಡಿದು ಕುಳಿತಿದ್ದಳು. ಅಷ್ಟರಲ್ಲಿ ಇಮಾಂಬಿ ಜನರನ್ನು ಸರಿಸಿಕೊಂಡು ಬಂದು ಮಂಡಿಯೂರಿದಳು.

"ಸಾಹೇಬ್ರ, ಒಂದ ಸಲ ನಾ ಊದ್ತೇನ್ರಿ. ಒಂದ ಸಲ."

ರಾಯರು ಎಣಿಕೆ ತಪ್ಪಬಾರದೆಂದು ಬಾಯಿ ತೆರೆಯಲಿಲ್ಲ, ನನ್ನ ಕಡೆ ಕಣ್ಣು ಮಾಡಿದರು. ನಾನು ಇಮಾಂಬಿಯ ಮುಂಗೈ ಹಿಡಿದೆ. ಅವಳು ಕೊಸರಿದಳು. ನಾನು ಇನ್ನೂ ಗಟ್ಟಿಯಾಗಿ ಹಿಡಿದೆ. ಒಂದು ತಾಸಿನವರೆಗೆ ರಾಯರು ಒತ್ತಿದರು, ಕೈ ಬದಲಿಸಲು ಯಾರಿಗೂ ಕೊಡಲಿಲ್ಲ, ಬೆವರು ಹನಿಹನಿಯಾಗಿ ಹುಡುಗಿಯ ಬೆನ್ನ ಮೇಲೆ ಬೀಳುತ್ತಿತ್ತು. ಕಸ್ತೂರಿ ಏಳಲಿಲ್ಲ.

ಊರು ರಾಯರನ್ನು ಕೊಂಡಾಡಿತು. ಸ್ವಂತ ಮಗಳಿಗೂ ಯಾರೂ ಅಷ್ಟು ಮಾಡುವುದಿಲ್ಲ ಎಂದಿತು. ಮಣ್ಣು ಮಾಡಿದ ಮೂರನೆಯ ದಿನ ನಾಗವ್ವ ದವಾಖಾನೆಗೆ ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ನೀವು ಬಿಡಲಿಲ್ರಿ. ಮಾಡೋದೆಲ್ಲಾ ಮಾಡಿದ್ರಿ. ಅದೊಂದು ಸಮಾಧಾನ ಐತಿ ನನಗ" ಎಂದಳು.

ಮೂರು ವರ್ಷ ಕಳೆದವು. ನಾವು ಮೈಸೂರು ರಾಜ್ಯದವರಾದೆವು. ಮುಂಬಯಿಯಿಂದ ಮಾಸಿಕ ಬರುವುದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಾನು ಔಷಧ ಅರೆಯುತ್ತಿದ್ದೆ, ರಾಯರು ಓದುತ್ತಿದ್ದರು. ಓದಿದ ಪುಟವನ್ನೇ ಮತ್ತೆ ಓದಿದರು. ಎದ್ದು ಹೋಗಿ ಬಂದು ಮೂರನೆಯ ಸಲ ಓದಿದರು.

"ಈರಣ್ಣಾ, ಬೆನ್ನು ಒತ್ತಿದ್ರ ಗಾಳಿ ಒಳಗ ಹೋಗೋದಽ ಭಾಳ ಕಡಿಮಿ ಅಂತ. ನಾಲಿಗಿ ಹಿಂದ ಬಿದ್ದು ದಾರಿ ಮುಚ್ಚಿಬಿಡ್ತದಂತ. ತಲಿ ಹಿಂದಕ್ಕ ಬಾಗಿಸಿ, ಗದ್ದ ಎತ್ತಿ, ಬಾಯಿಗೆ ಬಾಯಿ ಹಚ್ಚಿ ಊದೋದೊಂದೇ ಖರೆ ಅಂತ ಈಗ ಹೇಳ್ತಾರ. ಪರೀಕ್ಷಾ ಮಾಡಿ ನೋಡ್ಯಾರ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನನ್ನ ಬಲಗೈಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಆ ವಾರವಿಡೀ ರಾಯರು ಗೊಂದಲದಲ್ಲಿ ಮುಳುಗಿ ಹೋದರು. "ನಾವು ಹೊರಗ ಬಿಟ್ಟ ಗಾಳಿ ಅಂದ್ರ ಎಂಜಲ ಗಾಳಿ. ಅದರಾಗ ಇನ್ನೊಬ್ಬನ್ನ ಉಳಸೋವಷ್ಟು ಸತ್ವ ಇರ್ತದ?" ಎಂದು ನನ್ನನ್ನೇ ಕೇಳುತ್ತಿದ್ದರು, ನಾನು ಪುಣೆಯಲ್ಲಿ ಕಲಿತವನೋ ಎಂಬಂತೆ. ಇನ್ನೊಂದು ದಿನ ಊಟದ ತಾಟಿನ ಮುಂದೆ ಕುಳಿತವರು ಕೈ ತೊಳೆದು ಎದ್ದುಬಿಟ್ಟರು. "ಆವತ್ತು ಇಮಾಂಬಿನ್ನ ತಡದೆನಲ್ಲ, ಅದು ಜಂತುವಿನ ಸಲುವಾಗಿ ತಡದೆನೋ, ಎಂಜಲು ಮೈಲಿಗಿ ಅಂತ ತಡದೆನೋ? ಎಷ್ಟ ವಿಚಾರ ಮಾಡಿದ್ರೂ ನನಗ ತಿಳೀವಲ್ದು ಈರಣ್ಣ." ಅವರಿಗೆ ತಿಳಿಯದ್ದು ನನಗೆಲ್ಲಿಂದ ತಿಳಿಯಬೇಕು? ನಾನಂತೂ ಜಂತುವಿನ ವಿಚಾರವನ್ನೂ ಮಾಡಿರಲಿಲ್ಲ. ಕಣ್ಣು ಮಾಡಿದರು, ಹಿಡಿದೆ.

ಕೊನೆಗೆ ನನ್ನನ್ನು ಕರೆದುಕೊಂಡು ಇಮಾಂಬಿಯ ಮನೆಗೆ ಹೋದರು. ಅವಳು ಗಾಬರಿಯಾಗಿ ಕುರ್ಚಿ ತರಲು ಪಕ್ಕದ ಮನೆಗೆ ಹೊರಟಳು. ರಾಯರು ಆಗಲೇ ಚಾಪೆಯ ಮೇಲೆ ಕುಳಿತಿದ್ದರು.

"ಹ್ಯಾಂಗ ಊದ್ತಿ, ನನಗ ತೋರಿಸು."

ಅವಳು ನನ್ನ ಮುಖ ನೋಡಿದಳು, ಇದೇನು ಚೇಷ್ಟೆ ಎಂಬಂತೆ. ಆಮೇಲೆ ಒಂದು ಕೌದಿಯನ್ನು ಕೂಸಿನ ಹಾಗೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ತೋರಿಸಿದಳು. "ಇಷ್ಟ ಗದ್ದ ಎತ್ತಬೇಕ್ರಿ. ಗಲ್ಲದಾಗ ಹಿಡಿಯುವಷ್ಟ ಗಾಳಿ ಸಾಕು, ಎದಿತುಂಬ ಊದಬಾರದು. ಎದಿ ಉಬ್ಬಿದ್ದು ಕಣ್ಣಿಗೆ ಕಾಣ್ತೈತಿ. ಕಂಡ್ರ ಬಿಡಬೇಕು." ಮಾಸಿಕದಲ್ಲಿ ಬರೆದದ್ದೂ ಅದೇ ಎಂದು ರಾಯರು ನನಗೆ ಆಮೇಲೆ ಹೇಳಿದರು. ಯಾರು ಕಲಿಸಿದರೆಂದು ಕೇಳಿದ್ದಕ್ಕೆ ನಮ್ಮತ್ತಿ ಎಂದಳು.

"ಕಸ್ತೂರಿಗೆ ಊದಲಿಕ್ಕೆ ಬಿಟ್ಟಿದ್ರ ಬದುಕ್ತಿದ್ಲೇನು, ಇಮಾಂಬಿ?"

"ಯಾ ಅಲ್ಲಾ! ನನಗೆಂಗ ಗೊತ್ತಾಗಬೇಕ್ರಿ ಸಾಹೇಬ್ರ? ಅಷ್ಟ ದೊಡ್ಡ ಹುಡುಗಿಗೆ ನಾ ಎಂದೂ ಊದಿದಾಕಿ ಅಲ್ಲ. ತಿಗರಿ ಮ್ಯಾಲ ಎಷ್ಟ ಹೊತ್ತ ಇದ್ಲೋ ಏನೋ. ನೋಡಿ ತಡಕೊಳ್ಳಾಕ ಆಗಲಿಲ್ಲ, ಬಂದೆ."

ಇದರಿಂದ ಅವರಿಗೆ ಸಮಾಧಾನವಾಗಬಹುದೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಹೊರಗೆ ಬಂದವರೇ ನಾಗವ್ವನ ಮನೆಯ ದಾರಿ ಹಿಡಿದರು. ನಾನು ಅಡ್ಡ ನಿಂತೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಬ್ಯಾಡ್ರೀ. ಆಕಿಗೆ ಇರೋದ ಒಂದು ಸಮಾಧಾನ. ಅದನ್ನ ಕಸಗೊಂಡು ನೀವೇನ್ ಮಾಡ್ತೀರಿ?"

"ಸುಳ್ಳು ಸಮಾಧಾನ ಅದು. ನಾ ಕೊಟ್ಟದ್ದು."

"ಹೇಳಿದ್ರ ಹುಡುಗಿ ಬರ್ತಾಳೇನ್ರಿ?"

ಅವರು ನನ್ನ ಗಂಟಲ ತಗ್ಗನ್ನು ನೋಡಿದರು. "ಬರಂಗಿಲ್ಲ" ಎಂದು ನನ್ನನ್ನು ಬಳಸಿಕೊಂಡು ಹೋದರು.

ನಾಗವ್ವ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಯರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ತಾವು ಕಲಿತದ್ದು ಸರಿಯಿರಲಿಲ್ಲ, ಇಮಾಂಬಿ ಮಾಡಲು ಬಂದದ್ದೇ ಸರಿ ಇತ್ತು, ಅವಳನ್ನು ತಡೆದವರು ತಾವು. ನನ್ನ ಹೆಸರನ್ನು ತೆಗೆಯಲಿಲ್ಲ. ನಾನು ಅವರ ಹಿಂದೆ ಗೋಡೆಗೆ ಅಂಟಿ ನಿಂತಿದ್ದೆ. ಹಿಡಿದ ಕೈ ನನ್ನದು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ರಾಟಿ ನಿಂತಿತು. "ಹಂಗಾರ ನನ್ನ ಮಗಳು ಬದುಕ್ತಿದ್ಲೇನ್ರಿ?"

"ಗೊತ್ತಿಲ್ಲವಾ. ಬದುಕಬಹುದಿತ್ತು. ಬದುಕದನೂ ಇರಬಹುದಿತ್ತು. ಖರೇನಽ ಗೊತ್ತಿಲ್ಲ."

ನಾಗವ್ವ ಎದ್ದು ಬಂದು ಬಾಗಿಲು ಹಾಕಿಕೊಂಡಳು. ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಸಂತೆಗೆ ರಾಯರು ಮತ್ತೆ ಜಮಖಾನೆ ಹಾಸಿಸಿದರು. ಈ ಸಲ ಅಂಗಾತ ಮಲಗಿದರು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಮೇಲೆ ಮಾಡಿ, "ಬರ್ರಿ, ಯಾರರ ಒಬ್ಬರು ಬರ್ರಿ" ಎಂದು ಕರೆದರು. ಬಾಯಿಯ ಮೇಲೆ ಒಗೆದ ಬಟ್ಟೆಯ ತುಂಡನ್ನೂ ಹಾಸಿಕೊಂಡಿದ್ದರು. ಜನ ದೂರದಲ್ಲೇ ನಿಂತು ನೋಡಿದರು. ಸಂಗಪ್ಪ ಕೈ ಮುಗಿದ. "ಒತ್ತು ಅಂದ್ರಿ, ಒತ್ತಿದ್ವಿ. ಎತ್ತು ಅಂದ್ರಿ, ಎತ್ತಿದ್ವಿ. ಇದು ಮಾತ್ರ ಆಗೂದಿಲ್ರಿ." ಗಂಡಸಿನ ಬಾಯಿಗೆ ಗಂಡಸು ಬಾಯಿ ಹಚ್ಚುವುದೆಂದು ಹುಡುಗರು ಕಿಸಿಕಿಸಿ ನಕ್ಕರು. ಬಿಸಿಲೇರುವವರೆಗೂ ಅವರು ಆಕಾಶ ನೋಡುತ್ತ ಮಲಗಿಯೇ ಇದ್ದರು. ನಾನಾದರೂ ಹೋಗಬಹುದಿತ್ತು. ದಿನವೂ ಅವರ ಜೊತೆ ಇರುವವನು ನಾನು. ಯಾಕೆ ಹೋಗಲಿಲ್ಲವೋ ಇಂದಿಗೂ ಗೊತ್ತಿಲ್ಲ. ನಾಚಿಕೆಯಾಗಿತ್ತೋ, ಸಿಟ್ಟೇ ಇತ್ತೋ.

ದವಾಖಾನೆಗೆ ಬರುವವರು ಕಡಿಮೆಯಾದರು. ತಪ್ಪು ಮಾಡಿದೆನೆಂದು ತಾನೇ ಹೇಳಿಕೊಂಡು ತಿರುಗುವ ಡಾಕ್ಟರನ ಕೈಗೆ ಮಕ್ಕಳನ್ನು ಹೇಗೆ ಕೊಡುವುದೆಂದು ಜನ ಆಡಿಕೊಂಡರು. ತಪ್ಪು ಮಾಡಿ ಮುಚ್ಚಿಕೊಂಡವರ ಹತ್ತಿರ ನಿಶ್ಚಿಂತೆಯಿಂದ ಹೋದರು. ವರ್ಷ ತುಂಬುವುದರೊಳಗೆ ರಾಯರು ಬಾದಾಮಿಗೆ, ತಂಗಿಯ ಮನೆಗೆ ಹೊರಟರು. ಹಾಸಿಗೆ ಸುರುಳಿಯನ್ನು ನಾನೇ ಬಸ್ಸಿನ ಮೇಲೆ ಕಟ್ಟಿದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಹೆಗಲು ಹಿಡಿದರು.

"ಹೇಳಬಾರದಾಗಿತ್ತೇನೋ, ಈರಣ್ಣ?"

"ಬಸ್ ಬಿಡ್ತೈತ್ರಿ, ಕೈ ಒಳಗ ತಗೋರ್ರಿ" ಎಂದೆ. ಅವರ ಜೊತೆ ನಾನು ಆಡಿದ ಕೊನೆಯ ಮಾತು ಅದೇ.

ಆ ವರ್ಷದ ಚಳಿಗಾಲದಲ್ಲಿ ತಂಗಿಯ ಪತ್ರ ಬಂತು. ರಾಯರು ತೀರಿಕೊಂಡ ಸುದ್ದಿ ಊರಿಗೆ ಹರಡಿತು. ಮರುದಿನ ಬೆಳಿಗ್ಗೆ ನಾನು ದವಾಖಾನೆಯ ಬಾಗಿಲು ತೆರೆಯುವಾಗ ಕಟ್ಟೆಯ ಮೇಲೆ ನಾಗವ್ವ ಕುಳಿತಿದ್ದಳು. ಕಸ್ತೂರಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಬಂದವಳು ಆಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

"ಖರೇ ಏನ, ಡಾಕ್ಟರ್ ಹೋದದ್ದು?"

ಹೌದೆಂದೆ. ಅವಳು ತಲೆ ತಗ್ಗಿಸಿ ಕುಳಿತೇ ಇದ್ದಳು. ನನಗೆ ತಡೆಯಲಾಗಲಿಲ್ಲ.

"ನಾಗವ್ವಾ, ಆವತ್ತು ಇಮಾಂಬಿ ಕೈ ಹಿಡಿದಾಂವ ನಾನು. ರಾಯರಲ್ಲ."

"ನಾ ಅಲ್ಲೇ ಕುಂತಿದ್ದೆನಲ್ಲೋ ತಮ್ಮಾ. ನೋಡೇನಿ" ಎಂದಳು. ಆಮೇಲೆ, "ಅವರ ಮ್ಯಾಲ ಭಾಳ ಸಿಟ್ಟಿತ್ತು ನನಗ. ಎಲ್ಲಾರೂ ದೇವರ ಇಚ್ಛಾ ಅಂದು ಕೈ ತೊಳಕೊಂಡ್ರು. ದೇವರ ಮ್ಯಾಲ ಎಷ್ಟಂತ ಸಿಟ್ಟ ಮಾಡ್ಲಿ? ಸಿಟ್ಟ ಮಾಡಾಕ ಅವರೊಬ್ಬರು ಸಿಕ್ಕಿದ್ರು" ಎಂದಳು. "ಹೆಂಗ ಹೋದ್ರಂತ? ಕಾಗದದಾಗ ಬರದಾರೇನ?"

ಪತ್ರ ತೆಗೆದು ಓದಿದೆ. ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತವರು ಕುಸಿದು ಬಿದ್ದರು. ಓಣಿಯ ಜನವೆಲ್ಲ ಸೇರಿದರು. ಮುಖಕ್ಕೆ ನೀರು ಚಿಮುಕಿಸಿದರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಕೈಕಾಲು ತಿಕ್ಕಿದರು. ಡಾಕ್ಟರನ್ನು ಕರೆತರುವಷ್ಟರಲ್ಲಿ ಮುಗಿದುಹೋಗಿತ್ತು.

"ಅಷ್ಟ ಮಂದಿ ಇದ್ರು. ಯಾರೂ ಊದಲಿಲ್ಲೇನ?"

ಪತ್ರವನ್ನು ತಿರುಗಿಸಿ ನೋಡಿದೆ. ಹಿಂದಿನ ಪುಟ ಖಾಲಿ ಇತ್ತು. "ಇಲ್ಲವಾ" ಎಂದೆ.

ನಾಗವ್ವ ಮೊಣಕಾಲಿಗೆ ಕೈ ಊರಿ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆ ಇಳಿದವಳು ರಸ್ತೆಯಲ್ಲಿ ನಿಂತಳು.

"ನಾ ಇದ್ದಿದ್ರ ಊದ್ತಿದ್ದೆ" ಎಂದಳು.